ಗಾಳಿ ಯಾವ ಕಡೆಗಿದೆ ನೋಡಿ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಫೋನಿನಲ್ಲಿ 'ಕಾರ್ನಿವೋರ್ಸ್' ಆಡಲು ಕೂತ. ಡೈನೋಸಾರ್ ಬೇಟೆಯ ಗೇಮ್. ಏಳನೇ ಕ್ಲಾಸಿನ ಹುಡುಗ, ಬೇರೆ ಗೇಮ್‌ಗಳಲ್ಲಿ ನನ್ನನ್ನು ಕಣ್ಣು ಮುಚ್ಚಿಕೊಂಡು ಸೋಲಿಸುತ್ತಾನೆ. ದ್ವೀಪಕ್ಕೆ ಇಳಿದ ಕೂಡಲೇ ಓಡಿದ. ಕಂಡದ್ದಕ್ಕೆಲ್ಲ ಗುಂಡು ಹಾರಿಸಿದ. ಹಿಂದಿನಿಂದ ಬಂದ ಆಲೋಸಾರಸ್ ಒಂದೇ ಸಲಕ್ಕೆ ಮುಗಿಸಿತು. ಮತ್ತೆ ಇಳಿದ, ಮತ್ತೆ ಅದೇ ಕಥೆ. ಕೊನೆಗೆ ಹೆದರಿಕೊಂಡು ಒಂದು ಮೂಲೆಯಲ್ಲಿ ನಿಂತೇಬಿಟ್ಟ. ಆಗ ಒಂದು ಪ್ರಾಣಿಯೂ ಹತ್ತಿರ ಸುಳಿಯಲಿಲ್ಲ. "ಮಾಮ, ಇದ್ರಲ್ಲಿ ಒಂದೋ ಏನೂ ಆಗಲ್ಲ, ಇಲ್ಲಾ ಸತ್ತು ಹೋಗ್ತೀವಿ" ಅಂತ ಫೋನ್ ವಾಪಸ್ ಕೊಟ್ಟ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಈ ಗೇಮ್ ಬಗ್ಗೆ ಸಲಹೆ ಕೊಡುವ ವಿಡಿಯೋಗಳನ್ನು ಹುಡುಕಿ ನೋಡಿದೆ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಮಾತಾಡುವುದು ಬಂದೂಕಿನ ಬಗ್ಗೆ. ಯಾವುದು ಜಾಸ್ತಿ ದೂರ ಹೋಗುತ್ತೆ, ಯಾವುದರಿಂದ ಯಾವುದು ಬೀಳುತ್ತೆ, ಇಷ್ಟೇ. ಬದುಕಿ ಬರುವುದಕ್ಕೂ ಬಂದೂಕಿಗೂ ಅಷ್ಟೇನೂ ಸಂಬಂಧ ಇಲ್ಲ ಅನ್ನುವುದು ನನ್ನ ಅನುಭವ. "ಏನೂ ಆಗಲ್ಲ" ಮತ್ತು "ಸತ್ತು ಹೋಗ್ತೀವಿ", ಇವೆರಡರ ನಡುವೆ ಒಂದಿಷ್ಟು ಜಾಗ ಇದೆ. ಗೇಮ್ ಇರುವುದೇ ಅಲ್ಲಿ.

ಕೀವ್‌ನಿಂದ ತೀರ್ಥಹಳ್ಳಿಗೆ

ಫೋನಿನಲ್ಲಿ ಇರುವುದು 2010ರಲ್ಲಿ ಐಫೋನಿಗೆ ಅಂತ ಬಂದ ಆವೃತ್ತಿ. ಅದರ ಮೂಲ 1998ರದ್ದು. ಉಕ್ರೇನಿನ ಕೀವ್ ನಗರದಲ್ಲಿ ಆಕ್ಷನ್ ಫಾರ್ಮ್ಸ್ ಅನ್ನುವ ಕಂಪನಿ ಮಾಡಿದ ಗೇಮ್ ಅದು. ಮುಂದಿನ ವರ್ಷ ಎರಡನೆಯದು ಬಂತು. 2001ರಲ್ಲಿ ಬಂದ ಮೂರನೆಯದರಲ್ಲಿ ಡೈನೋಸಾರ್ ಬದಲು ಹಿಮಯುಗದ ಆನೆ, ಕತ್ತಿಹಲ್ಲಿನ ಬೆಕ್ಕು ಇತ್ಯಾದಿ. ಕಥೆ ಇದ್ದೂ ಇಲ್ಲದ ಹಾಗೆ. ಭವಿಷ್ಯದಲ್ಲಿ ಎಲ್ಲೋ ದೂರದ ಗ್ರಹವೊಂದರಲ್ಲಿ ಡೈನೋಸಾರ್‌ಗಳು ಸಿಗುತ್ತವೆ. ಒಂದು ಕಂಪನಿ ಅಲ್ಲಿಗೆ ದುಡ್ಡಿದ್ದವರನ್ನು ಶಿಕಾರಿಗೆ ಕರೆದುಕೊಂಡು ಹೋಗುತ್ತದೆ. ಅಷ್ಟೇ. ಕಾಪಾಡಬೇಕಾದ ರಾಜಕುಮಾರಿ ಇಲ್ಲ, ಮುಗಿಸಬೇಕಾದ ಲೆವೆಲ್ ಇಲ್ಲ. ನೀವು ಪರವಾನಗಿ ತೆಗೆದುಕೊಂಡ ಪ್ರಾಣಿ, ಒಂದು ದ್ವೀಪ, ಕೈಯಲ್ಲಿ ಎಣಿಸಿದಷ್ಟು ತೋಟಾ. ಹೊಡೆದರೆ ಒಂದು ಹಡಗು ಹಾರಿ ಬಂದು ಪ್ರಾಣಿಯನ್ನು ಎತ್ತಿಕೊಂಡು ಹೋಗುತ್ತದೆ.

ಅದು ನಮ್ಮ ಕೈಗೆ ಬಂದ ದಾರಿ ಆ ಕಾಲದಲ್ಲಿ ಬೆಳೆದವರಿಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗ ಒಂದು ಸಿ.ಡಿ. ತಂದಿದ್ದ. ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಡೈನೋ' ಅಂತ ಗೀಚಿತ್ತು. ತೀರ್ಥಹಳ್ಳಿ ಕಡೆ ದೊಡ್ಡಪ್ಪನ ಮನೆ. ಮಳೆಗಾಲ. ಜಗಲಿಯ ಮೂಲೆಯಲ್ಲಿ ಕಂಪ್ಯೂಟರು, ಅದರ ಮೇಲೆ ದೊಡ್ಡಮ್ಮ ಹೊಲಿದ ಹೂವಿನ ಕವರು, ಕೆಳಗೆ ಕರೆಂಟು ಹೋದ ಕೂಡಲೇ ಕಿರುಚಲು ಶುರು ಮಾಡುವ ಯುಪಿಎಸ್. ಬೇಟೆಯ ಮಧ್ಯದಲ್ಲಿ ಸೇವ್ ಮಾಡಲು ಈ ಗೇಮಿನಲ್ಲಿ ಆಗುವುದಿಲ್ಲ. ಹಾಗಾಗಿ ನಮಗೆ ಇಬ್ಬರು ಶತ್ರುಗಳು. ಒಂದು ಡೈನೋಸಾರ್, ಇನ್ನೊಂದು ಕರೆಂಟು. ಎರಡನೆಯದಕ್ಕೆ ಇವತ್ತಿಗೂ ನನ್ನ ಹತ್ತಿರ ಸಲಹೆ ಇಲ್ಲ.

ಈ ಗೇಮಿನಲ್ಲಿ ಒಂದು ಕಚ್ಚಿಗೆ ಆಟ ಮುಗಿಯುತ್ತದೆ. ಔಷಧಿ ಡಬ್ಬಿ ಹುಡುಕಿ ಜೀವ ತುಂಬಿಸಿಕೊಳ್ಳುವುದು, ಬಿದ್ದಲ್ಲೇ ಎದ್ದು ಮುಂದುವರಿಯುವುದು, ಯಾವುದೂ ಇಲ್ಲ. ಆ ಕಾಲದ ಬೇರೆ ಶೂಟಿಂಗ್ ಗೇಮ್‌ಗಳಲ್ಲಿ ನೂರು ಗುಂಡು ತಿಂದರೂ ನಾಯಕ ಓಡುತ್ತಿದ್ದ. ಇಲ್ಲಿ ನೀವು ನಾಯಕ ಅಲ್ಲ. ಬೇರೆಯವರ ಕಾಡಿಗೆ ಕೋವಿ ಹಿಡಿದು ಬಂದ, ಮೆತ್ತಗಿನ ಮೈಯ ಒಂದು ಸಣ್ಣ ಪ್ರಾಣಿ. ಇದು ತಲೆಗೆ ಹೋದರೆ ಅರ್ಧ ಬದುಕಿದಂತೆ.

ದೊಡ್ಡಪ್ಪ ನೋಡಿದ ಬಾಣ

ದೊಡ್ಡಪ್ಪ ಹರೆಯದಲ್ಲಿ ಶಿಕಾರಿಗೆ ಹೋಗುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬರುವ ಮುಂಚಿನ ಮಾತು. ಹಳು ಸೋವುವವರು ಒಂದು ಕಡೆಯಿಂದ ಗದ್ದಲ ಮಾಡುತ್ತ ಬಂದರೆ, ಇನ್ನೊಂದು ಕಡೆ ಕೋವಿಯವರು ಬಿಲ್ಲಿಗೆ, ಅಂದರೆ ಪ್ರಾಣಿ ಹಾಯುವ ದಾರಿ ಕಾಯಲು, ನಿಲ್ಲುತ್ತಿದ್ದರು. ಹಣ್ಣು ಬಿದ್ದ ಮರದ ಮೇಲೆ ರಾತ್ರಿಯಿಡೀ ಹೊಂಚು ಹಾಕಿ ಮರಸು ಕೂರುವುದೂ ಇತ್ತು. ನಾವು ಹುಡುಗರಾಗಿದ್ದಾಗ ಆ ಕಥೆಗಳನ್ನು ಅವರಾಗಿ ಹೇಳುತ್ತಿರಲಿಲ್ಲ. ಕೇಳಿದರೆ "ಅದೆಲ್ಲ ಆಗಿನ ಕಾಲ ಮಾರಾಯ" ಅಂತ ತೇಲಿಸಿಬಿಡುತ್ತಿದ್ದರು.

ಒಂದು ಸಂಜೆ ಸಿ.ಡಿ. ತಂದಿದ್ದ ಆ ಅಣ್ಣ ಆಡುತ್ತಿದ್ದ, ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ. ಪ್ಯಾರಾಸಾರೊಲೋಫಸ್ ಬೇಟೆ. ತಲೆಯ ಮೇಲೆ ಉದ್ದ ಕೊಂಬಿನ ಹಾಗೆ ಜುಟ್ಟಿರುವ, ಸಾಧು ಸ್ವಭಾವದ ಸಸ್ಯಾಹಾರಿ. ಗೇಮ್ ಶುರುವಿನಲ್ಲಿ ಎಲ್ಲರೂ ಹೊಡೆಯುವುದು ಅದನ್ನೇ. ಅಣ್ಣ ಎಷ್ಟು ಮೆತ್ತಗೆ ಹೋದರೂ ಅದು ದೂರದಿಂದಲೇ ತಲೆ ಎತ್ತಿ ಓಡಿಹೋಗುತ್ತಿತ್ತು. ದೊಡ್ಡಪ್ಪ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದು ಹಿಂದೆ ನಿಂತರು. ಸ್ವಲ್ಪ ಹೊತ್ತು ಏನೂ ಮಾತಿಲ್ಲ.

"ಅದೆಂಥದು ಬಾಣ, ತಿರುಗ್ತಾ ಇರೋದು?"

"ಗಾಳಿ ಬೀಸೋ ದಿಕ್ಕು ಅಪ್ಪಯ್ಯ."

"ಅಂದ್ರೆ ಗಾಳಿ ನಿನ್ನ ಬೆನ್ನಿಗಿದೆ."

"ಹ್ಞೂಂ."

"ಮತ್ತೆ ಅದು ಓಡದೆ ನಿನ್ನ ಕೈ ನೆಕ್ಕೋಕೆ ಬರ್ತದಾ?"

ಅಣ್ಣ ನಕ್ಕ. ದೊಡ್ಡಪ್ಪ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಆ ಗುಡ್ಡ ಸುತ್ತಿ ಹೋಗು, ಗಾಳಿ ಮುಖಕ್ಕೆ ಹೊಡೆಯೋ ಹಾಗೆ ಬಾ, ತುದಿಯಲ್ಲಿ ನಿಲ್ಲಬೇಡ, ಆಕಾಶಕ್ಕೆ ಎದುರಾಗಿ ನಿಂತರೆ ಕಾಣ್ತೀಯ. ಒಂದೊಂದೇ ಹೇಳಿದರು. ಸುತ್ತು ಹಾಕಲು ತುಂಬ ಹೊತ್ತು ಬೇಕಾಯಿತು. ನನಗೆ ಆಕಳಿಕೆ ಬಂತು. ಕೊನೆಗೆ ಜರೀಗಿಡಗಳ ಹಿಂದೆ ಬಗ್ಗಿ ಕೂತಾಗ ಆ ಪ್ರಾಣಿ ನಮ್ಮ ಕಡೆಗೇ ನಡೆದು ಬರುತ್ತಿತ್ತು, ಏನೂ ಗೊತ್ತಿಲ್ಲದ ಹಾಗೆ. ಅಣ್ಣ ಆತುರದಲ್ಲಿ ಹೊಡೆದ ಈಡು ತೊಡೆಗೆ ಬಿತ್ತು. ಅದು ಓಡಿತು. ಅಣ್ಣ ಇನ್ನೊಂದು ಹುಡುಕಲು ಈ ಕಡೆ ತಿರುಗಿದ. ಆಗ ದೊಡ್ಡಪ್ಪನಿಗೆ ನಿಜಕ್ಕೂ ಸಿಟ್ಟು ಬಂತು. "ಗಾಯ ಆದದ್ದನ್ನ ಬಿಟ್ಟು ಬೇರೆ ಹುಡುಕ್ತೀಯೇನೋ? ಮೊದಲು ಅದರ ಹಿಂದೆ ಹೋಗು." ಅಣ್ಣ ಹೋದ. ಮಬ್ಬು ಕವಿಯುವವರೆಗೂ ಹುಡುಕಿದೆವು. ಸಿಗುವ ಮುಂಚೆಯೇ ಯುಪಿಎಸ್ ಕಿರುಚಿತು. ದೊಡ್ಡಪ್ಪ ಎದ್ದು ಹೋದರು. ಮಾರನೇ ದಿನ ತಿಂಡಿ ತಿನ್ನುವಾಗ "ಸಿಕ್ತೇನೋ ಅದು?" ಅಂತ ಕೇಳಿದರು. ಪರದೆ ಆಫ್ ಆದಾಗ ಆ ಪ್ರಾಣಿಯೂ ಇಲ್ಲವಾಯಿತು ಅಂತ ಅವರಿಗೆ ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಹಾಗಾಗಿ ಮೊದಲ ಸಲಹೆ ನನ್ನದಲ್ಲ, ಅವರದ್ದು. ದ್ವೀಪಕ್ಕೆ ಇಳಿದ ಕೂಡಲೇ ಪ್ರಾಣಿಯನ್ನು ಹುಡುಕಬೇಡಿ. ಗಾಳಿಯ ಬಾಣ ನೋಡಿ. ಗಾಳಿ ಬೆನ್ನಿಗಿದ್ದರೆ ನಿಮಗಿಂತ ಮೊದಲೇ ನಿಮ್ಮ ವಾಸನೆ ಪ್ರಾಣಿಗೆ ತಲುಪುತ್ತದೆ. ಆಮೇಲೆ ನಕ್ಷೆ. ಪ್ರಾಣಿ ಕಂಡರೂ ನೇರ ಹೋಗಬೇಡಿ. ಗಾಳಿ ನಿಮ್ಮ ಮುಖಕ್ಕೆ ಬರುವಂತೆ ಸುತ್ತು ಹಾಕಿ. ದಾರಿ ದುಪ್ಪಟ್ಟಾದರೂ ಪರವಾಗಿಲ್ಲ. ವಾಸನೆ ಮುಚ್ಚುವ ದ್ರಾವಣವೊಂದು ಸಾಮಾನಿನ ಪಟ್ಟಿಯಲ್ಲಿ ಇದೆ. ಹೊಸಬರು ಹಾಕಿಕೊಳ್ಳಬಹುದು. ಅದನ್ನು ಹಾಕಿಕೊಂಡರೆ ಅಂಕ ಕಡಿಮೆ ಬರುತ್ತದೆ. ಅದು ನ್ಯಾಯವೇ.

ಕಣ್ಣು, ಕಿವಿ, ಮೂಗು

ಬೇಟೆಗೆ ಹೊರಡುವ ಮುಂಚೆ ಪ್ರತಿ ಪ್ರಾಣಿಯ ವಿವರ ಓದಲು ಸಿಗುತ್ತದೆ. ಅದರ ದೃಷ್ಟಿ ಹೇಗೆ, ಕಿವಿ ಹೇಗೆ, ಮೂಗು ಹೇಗೆ ಅಂತ. ಹೆಚ್ಚಿನವರು ಇದನ್ನು ಓದದೆ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಗೇಮಿನಲ್ಲಿ ಮುಖ್ಯವಾದ ಪುಟ ಅದೇ. ಕಣ್ಣು ಮಂದ ಇರುವುದರ ಎದುರು ಬಟ್ಟಬಯಲಿನಲ್ಲೂ ನಡೆಯಬಹುದು, ಸದ್ದು ಮಾಡಬಾರದು ಅಷ್ಟೇ. ಕಣ್ಣು ಚುರುಕಾಗಿರುವುದರ ಎದುರು ಬಗ್ಗಿಕೊಂಡು, ಗಿಡದಿಂದ ಗಿಡಕ್ಕೆ ಹೋಗಬೇಕು. ಓಡಿದರೆ ಕಿವಿಗೆ ಗೊತ್ತಾಗುತ್ತದೆ. ಪ್ರತಿ ಬೇಟೆಯಲ್ಲೂ ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಪ್ರಾಣಿಗೆ ನಾನು ಹೇಗೆ ಕಾಣುತ್ತೇನೆ, ಕೇಳಿಸುತ್ತೇನೆ, ನಾರುತ್ತೇನೆ?

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಟಿ. ರೆಕ್ಸ್ ಅನ್ನುವ ದೈತ್ಯ ಮಾಂಸಾಹಾರಿ ಡೈನೋಸಾರ್ ಎದುರು ಅಲುಗಾಡದೆ ನಿಂತರೆ ಅದಕ್ಕೆ ಕಾಣುವುದಿಲ್ಲ ಅನ್ನುವ ನಂಬಿಕೆ ನಮ್ಮ ತಲೆಮಾರಿನ ಎಲ್ಲರಲ್ಲೂ ಇದೆ. ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ ಅಲ್ವಾ, ಎಲ್ಲರೂ ಆ 'ಜುರಾಸಿಕ್ ಪಾರ್ಕ್' ಸಿನಿಮಾ ನೋಡಿದವರೇ. ನಿಜ ಹಾಗಿಲ್ಲ. 2006ರಲ್ಲಿ ಕೆಂಟ್ ಸ್ಟೀವನ್ಸ್ ಅನ್ನುವ ಸಂಶೋಧಕ ಡೈನೋಸಾರ್ ತಲೆಗಳ ಮಾದರಿ ಮಾಡಿ ಅಳೆದು ನೋಡಿದರು. ಟಿ. ರೆಕ್ಸ್‌ನ ಎರಡೂ ಕಣ್ಣು ಒಟ್ಟಿಗೆ ನೋಡಬಲ್ಲ ಹರವು ಸುಮಾರು 55 ಡಿಗ್ರಿ ಅಂತ ತಿಳಿಯಿತು. ಇದು ಇಂದಿನ ಗಿಡುಗಕ್ಕಿಂತ ಜಾಸ್ತಿ. ದೂರ ಅಳೆಯಲು ಬೇಕಾದ ಕಣ್ಣು ಅದು. ಮೂಗಿನ ವಿಷಯ ಇನ್ನೂ ಕೆಟ್ಟದು, ಅಂದರೆ ನಮಗೆ ಕೆಟ್ಟದು. ಕೆನಡಾದ ಡಾರ್ಲಾ ಜೆಲೆನಿಟ್ಸ್ಕಿ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಿದುಳಿನಲ್ಲಿ ವಾಸನೆ ಹಿಡಿಯುವ ಭಾಗ ಟಿ. ರೆಕ್ಸ್‌ಗೆ ಅದರ ಗಾತ್ರದ ಲೆಕ್ಕ ಹಿಡಿದರೂ ದೊಡ್ಡದೇ. 1998ರಲ್ಲಿ ಕೀವ್‌ನಲ್ಲಿ ಗೇಮ್ ಮಾಡುತ್ತಿದ್ದವರ ಮುಂದೆ ಈ ಅಧ್ಯಯನಗಳು ಇರಲಿಲ್ಲ. ಆದರೂ ಗಾಳಿ ಮತ್ತು ಮೂಗನ್ನು ಗೇಮಿನ ನಡುಮಧ್ಯೆ ಇಟ್ಟರು. ಆ ಒಂದು ತೀರ್ಮಾನ ನನಗೆ ತುಂಬ ಇಷ್ಟ.

ಎಲ್ಲ ಸರಿ ಮಾಡಿದ್ದಾರೆ ಅಂತೇನಿಲ್ಲ. ಗೇಮಿನ ವೆಲಾಸಿರಾಪ್ಟರ್ ನಿಮ್ಮ ಮೇಲೆ ಹಾರುವಷ್ಟು ದೊಡ್ಡದು, ಮೈ ನುಣ್ಣಗೆ. ನಿಜವಾದದ್ದು ಟರ್ಕಿ ಕೋಳಿಯಷ್ಟೇ ಇತ್ತು, ಮೈಮೇಲೆ ಗರಿ ಬೇರೆ. ಮಂಗೋಲಿಯಾದಲ್ಲಿ ಸಿಕ್ಕ ಮುಂಗೈ ಮೂಳೆಯಲ್ಲಿ ಗರಿ ಕೂರುವ ಗಂಟುಗಳಿದ್ದವು ಅಂತ 2007ರಲ್ಲಿ ಗೊತ್ತಾಯಿತು. ಇನ್ನು ದ್ವೀಪದಲ್ಲಿ ಸುಮ್ನೆ ಅಡ್ಡಾಡುವ ಮಾಸ್ಕಾಪ್ಸ್ ಡೈನೋಸಾರೇ ಅಲ್ಲ. ಅದು ಅವುಗಳಿಗಿಂತ ಹಳೆಯದು, ನಮ್ಮ ಸಸ್ತನಿಗಳ ಕಡೆಯ ದೂರದ ನೆಂಟ. ಅದಕ್ಕೆ ತೋಟಾ ಖರ್ಚು ಮಾಡಬೇಡಿ.

ಕೂಗುವ ಮುಂಚೆ

ಗೇಮಿನಲ್ಲಿ ಪ್ರಾಣಿಯ ಕೂಗನ್ನು ಅನುಕರಿಸುವ ಸೌಲಭ್ಯ ಇದೆ. ಕೂಗಿದರೆ ಆ ಜಾತಿಯದ್ದು ಹತ್ತಿರ ಇದ್ದರೆ ನಿಮ್ಮ ಕಡೆ ಬರುತ್ತದೆ. ಪ್ಯಾರಾಸಾರೊಲೋಫಸ್‌ನ ಕೂಗು ದೂರದಿಂದ ಕೇಳಿದರೆ ಇವತ್ತಿಗೂ ನನ್ನ ಮೈ ಜುಮ್ ಅನ್ನುತ್ತದೆ. ಅದರ ಜುಟ್ಟಿನೊಳಗೆ ಟೊಳ್ಳು ಕೊಳವೆಗಳಿವೆ. 1997ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮ್ಯೂಸಿಯಂನವರೂ ಸ್ಯಾಂಡಿಯಾ ಪ್ರಯೋಗಾಲಯದವರೂ ಸೇರಿ, ಅಲ್ಲಿ ಸಿಕ್ಕ ತಲೆಬುರುಡೆಯನ್ನು ಸ್ಕ್ಯಾನ್ ಮಾಡಿ, ಆ ಕೊಳವೆಯಲ್ಲಿ ಗಾಳಿ ಓಡಿದರೆ ಎಂಥ ಸದ್ದು ಬರಬಹುದು ಅಂತ ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಒಳಗಿನಿಂದ ಬರುವ ದಪ್ಪ ದನಿ.

ಕೂಗು ಬಳಸುವಾಗ ಒಂದು ನಿಯಮ ಪಾಲಿಸಿ. ಮೊದಲು ಜಾಗ, ಆಮೇಲೆ ಕೂಗು. ಬೆನ್ನಿಗೆ ಬಂಡೆಯೋ ಕಡಿದಾದ ಇಳಿಜಾರೋ ಇರಬೇಕು. ಎದುರಿಗೆ ಬಯಲು ಇರಬೇಕು. ಗಾಳಿ ಬಯಲಿನಿಂದ ನಿಮ್ಮ ಕಡೆ ಬೀಸುತ್ತಿರಬೇಕು. ಇವು ಕೂಡಿ ಬಂದ ಮೇಲೆ ಒಂದು ಸಲ ಕೂಗಿ ಸುಮ್ಮನಿರಿ. ಮಾಂಸಾಹಾರಿಯ ಪರವಾನಗಿ ತೆಗೆದುಕೊಂಡಿದ್ದರೆ, ಆ ಕೂಗನ್ನು ಎಲ್ಲೆಂದರಲ್ಲಿ ಒತ್ತುವುದು ಊಟಕ್ಕೆ ಕರೆದಂತೆ. ಊಟ ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ರಾಡಾರ್ ಜೊತೆ ನನ್ನ ಜಗಳ

ಸಾಮಾನುಗಳಲ್ಲಿ ರಾಡಾರ್ ಒಂದಿದೆ. ನೀವು ಹುಡುಕುವ ಪ್ರಾಣಿ ನಕ್ಷೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಅನುಕೂಲವೇ. ಆದರೆ ಅದನ್ನು ಹಾಕಿಕೊಂಡವನು ಕಾಡು ನೋಡುವುದಿಲ್ಲ, ಚುಕ್ಕಿ ನೋಡುತ್ತಾನೆ. ಚುಕ್ಕಿ ನೋಡುತ್ತ ನಡೆದವನು ಗುಡ್ಡದ ಆಚೆ ಇದ್ದದ್ದಕ್ಕೆ ಸಿಕ್ಕಿಬೀಳುತ್ತಾನೆ. ಅಕ್ಕನ ಮಗ ಹಾಕಿಕೊಂಡಿದ್ದ. ಬೇಡ ಅಂದರೆ "ಮತ್ತೆ ಹೇಗೆ ಗೊತ್ತಾಗತ್ತೆ ಎಲ್ಲಿದೆ ಅಂತ?" ಅಂದ. ಕಿವಿ ಇದೆ, ದುರ್ಬೀನು ಇದೆ. ಒಂದು ಎತ್ತರದ ಜಾಗ ಹಿಡಿದು, ತುದಿಗಿಂತ ಸ್ವಲ್ಪ ಕೆಳಗೆ ಕೂತು, ದುರ್ಬೀನಿನಲ್ಲಿ ನಿಧಾನಕ್ಕೆ ಒಂದು ಸುತ್ತು ನೋಡಿ. ಮಂಜಿನಲ್ಲಿ ಮೊದಲು ಕಾಣುವುದು ಅಲುಗಾಟ, ಆಮೇಲೆ ಆಕಾರ. ಅಂದಹಾಗೆ ಹಳೆಯ ಗೇಮಿನ ಆ ಮಂಜು ಆಗಿನ ಕಂಪ್ಯೂಟರುಗಳ ಬಡತನವನ್ನೂ ಮುಚ್ಚುತ್ತಿತ್ತು. ದೂರದ ಗುಡ್ಡ ಬಿಡಿಸುವಷ್ಟು ಶಕ್ತಿ ಅವುಗಳಿಗೆ ಇರಲಿಲ್ಲ. ಆ ಕೊರತೆಯೇ ಭಯ ಹುಟ್ಟಿಸುವ ವಸ್ತುವಾಯಿತು. ಇವತ್ತಿನ ಥಳಥಳ ಗೇಮ್‌ಗಳಲ್ಲಿ ಕಿಲೋಮೀಟರ್ ದೂರದ ಎಲೆಯೂ ಕಾಣುತ್ತದೆ, ಹೆದರಿಕೆ ಮಾತ್ರ ಅಷ್ಟು ಆಗುವುದಿಲ್ಲ.

ಬಂದೂಕಿನ ಬಗ್ಗೆ ಎರಡೇ ಮಾತು. ಶಾಟ್‌ಗನ್ ಹತ್ತಿರದ್ದಕ್ಕೆ, ಸ್ನೈಪರ್ ದೂರದ್ದಕ್ಕೆ, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸುವುದು ಸದ್ದಿನ ವಿಷಯವನ್ನು. ಸ್ನೈಪರ್ ಹಾರಿಸಿದರೆ ಸುತ್ತಲಿನ ಪ್ರಾಣಿಗಳಿಗೆ ನೀವು ಬಂದದ್ದು ಗೊತ್ತಾಗುತ್ತದೆ. ಅಡ್ಡಬಿಲ್ಲು ಸದ್ದು ಮಾಡುವುದಿಲ್ಲ. ಒಂದು ತಪ್ಪಿದರೂ ಇನ್ನೊಂದಕ್ಕೆ ಅವಕಾಶ ಇರುತ್ತದೆ. ಬೀಳಿಸುವುದಕ್ಕಿಂತ ಬದುಕಿ ಬರುವುದು ಮುಖ್ಯ ಅನ್ನುವವರು ಅದನ್ನೇ ತೆಗೆದುಕೊಳ್ಳಿ. ಮದ್ದು ಕೊಟ್ಟು ಮಲಗಿಸುವ ಆಯ್ಕೆಯೂ ಇದೆ. ಅದಕ್ಕೆ ಅಂಕ ಜಾಸ್ತಿ. ದೊಡ್ಡಪ್ಪನ ಆ ಸಿಟ್ಟು ನೋಡಿದ ಮೇಲೆ ನಾನು ಆಡುವುದು ಹೆಚ್ಚಾಗಿ ಹಾಗೇ.

ಓಡಬೇಕಾ?

ಸಸ್ಯಾಹಾರಿ ಅಂದರೆ ಸಾಧು ಅಂದುಕೊಳ್ಳಬೇಡಿ. ಟ್ರೈಸೆರಾಟಾಪ್ಸ್ ಹತ್ತಿರ ಹೋದರೆ ತಿರುಗಿ ನುಗ್ಗುತ್ತದೆ. ಕಾಟಿ, ಅಂದರೆ ಕಾಡುಕೋಣ, ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಂಸಾಹಾರಿಗಳ ವಿಷಯದಲ್ಲಿ ಇರುವ ಕಹಿಸತ್ಯ ಏನೆಂದರೆ ಬಯಲಿನಲ್ಲಿ ಓಡಿ ನೀವು ಗೆಲ್ಲುವುದಿಲ್ಲ. ಓಡುವುದಾದರೆ ಎಲ್ಲಿಗೆ ಅಂತ ಮೊದಲೇ ಗೊತ್ತಿರಬೇಕು. ತುಂಬ ಕಡಿದಾದ ಬಂಡೆ ಅವುಗಳಿಗೆ ಹತ್ತಲು ಆಗುವುದಿಲ್ಲ. ಆಳದ ನೀರಿಗೆ ಹೆಚ್ಚಿನವು ಇಳಿಯುವುದಿಲ್ಲ. ನಾನು ನಡೆಯುವಾಗ ಯಾವಾಗಲೂ ಇವೆರಡರಲ್ಲಿ ಒಂದು ಕೈಗೆಟುಕುವ ದೂರದಲ್ಲಿ ಇರುವಂತೆ ದಾರಿ ಹಿಡಿಯುತ್ತೇನೆ. ನೀರಿಗೆ ಇಳಿದರೆ ಕೋವಿ ಕೆಲಸಕ್ಕೆ ಬರುವುದಿಲ್ಲ, ಮುಳುಗಿಯೇ ಇದ್ದರೆ ಉಸಿರು ಕಟ್ಟುತ್ತದೆ. ಅದು ತಪ್ಪಿಸಿಕೊಳ್ಳುವ ಜಾಗ, ಉಳಿಯುವ ಜಾಗ ಅಲ್ಲ.

ಎರಡು ರಾಪ್ಟರ್ ಒಟ್ಟಿಗೆ ಬಂದರೆ? ಹತ್ತಿರದ್ದಕ್ಕೆ ಹೊಡೆಯಿರಿ. ದೂರದ್ದನ್ನು ನೋಡುತ್ತಾ ನಿಂತವರೇ ಸಾಯುವುದು. ತೋಟಾ ತುಂಬಲು ಹೊತ್ತು ಹಿಡಿಯುವ ಕೋವಿ ಇದ್ದರೆ ಆ ದಿನ ರಾಪ್ಟರ್ ಪರವಾನಗಿ ತೆಗೆದುಕೊಳ್ಳಲೇಬೇಡಿ. ಕತ್ತಲೆಯ ಬೇಟೆ ಮೊದಮೊದಲು ಬೇಡ. ಅದರಲ್ಲಿ ಖುಷಿ ಇದೆ, ಆದರೆ ದ್ವೀಪದ ಕಾಲುದಾರಿ ಕಣ್ಣುಮುಚ್ಚಿ ಗೊತ್ತಿರುವವರಿಗೆ.

ಗೇಮಿನಲ್ಲಿ ಬರೀ ನೋಡುವವರ ಆಯ್ಕೆಯೂ ಒಂದಿದೆ. ಕೋವಿ ಇಲ್ಲ, ಪ್ರಾಣಿಗಳು ನಿಮ್ಮನ್ನು ಏನೂ ಮಾಡುವುದಿಲ್ಲ. ಹೊಸ ದ್ವೀಪಕ್ಕೆ ಹೋಗುವಾಗ ಮೊದಲು ಹಾಗೆ ಹೋಗಿ ಬನ್ನಿ. ನೀರು ಎಲ್ಲಿದೆ, ಬಂಡೆ ಎಲ್ಲಿದೆ, ಯಾವ ಕಣಿವೆಯಿಂದ ಹೊರಗೆ ದಾರಿ ಇಲ್ಲ, ಇವು ತಿಳಿಯುತ್ತವೆ. ಬಹಳ ಜನ ಇದನ್ನು ಮಕ್ಕಳಾಟ ಅಂತ ಬಿಡುತ್ತಾರೆ. ನನಗೆ ಕೆಲವು ಸಂಜೆ ಇದೇ ಸಾಕಾಗುತ್ತದೆ.

ಟಿ. ರೆಕ್ಸ್

ಕೊನೆಗೆ ಇದು. ಅಂಕ ಕೂಡಿಸಿಕೊಂಡು ಇದರ ಪರವಾನಗಿಯವರೆಗೆ ಬರುವುದೇ ದೊಡ್ಡ ಕೆಲಸ. ಇದರ ಮೈಗೆ ಎಷ್ಟು ಗುಂಡು ಹೊಡೆದರೂ ಏನೂ ಆಗುವುದಿಲ್ಲ. ಬೀಳುವುದು ಕಣ್ಣಿಗೆ ಬಿದ್ದ ಗುಂಡಿಗೆ ಮಾತ್ರ. ಅಂದರೆ ಅದು ನಿಮ್ಮ ಕಡೆ ಮುಖ ಮಾಡಬೇಕು, ಇಲ್ಲವೇ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ನಿಮ್ಮ ಕಡೆ ಮುಖ ಮಾಡಿದೆ ಅಂದರೆ ನೀವು ಅದಕ್ಕೆ ಕಂಡಿದ್ದೀರಿ. ಇದನ್ನು ಯೋಚಿಸಿ ಇಟ್ಟವರಿಗೆ ಒಳ್ಳೆಯ ಕುಚೇಷ್ಟೆ ಗೊತ್ತಿತ್ತು.

ನಾನು ಮಾಡುವುದು ಹೀಗೆ. ಅದು ಹತ್ತಲಾರದ ಇಳಿಜಾರಿನ ಮೇಲೆ, ಅದರ ತಲೆಯ ಎತ್ತರಕ್ಕೆ ಸರಿಯಾಗಿ ಕೂರುತ್ತೇನೆ. ಗಾಳಿ ಮುಖಕ್ಕೆ. ಕೈಯಲ್ಲಿ ಸ್ನೈಪರ್. ಇಲ್ಲಿ ಸದ್ದಿನ ಚಿಂತೆ ಇಲ್ಲ, ಎರಡನೇ ಈಡಿಗೆ ಹೇಗೂ ಸಮಯ ಇರುವುದಿಲ್ಲ. ದೂರದಲ್ಲಿ ಕೆಳಗೆ ಅದು ಅಡ್ಡ ಹಾಯುವವರೆಗೆ ಕಾಯುತ್ತೇನೆ. ಬೆನ್ನು ತೋರಿಸಿದರೆ ಬಿಟ್ಟುಬಿಡುತ್ತೇನೆ. ಕತ್ತು ಮಾತ್ರ ಕಂಡರೂ ಬಿಟ್ಟುಬಿಡುತ್ತೇನೆ. ನಿಂತು ವಾಸನೆ ನೋಡುವ ಆ ಒಂದು ಕ್ಷಣ ಕಣ್ಣು ಪಕ್ಕದಿಂದ ಪೂರ್ತಿ ಕಂಡರೆ ಮಾತ್ರ ಕೋವಿಯ ಕುದುರೆ ಎಳೆಯುವುದು. ಎಷ್ಟೋ ಸಲ ಅಂಥ ಕ್ಷಣ ಬರುವುದೇ ಇಲ್ಲ. ಬರಿಗೈಯಲ್ಲಿ ಹಡಗು ಹತ್ತುತ್ತೇನೆ. ಅಕ್ಕನ ಮಗ ಇದಕ್ಕೆ "ಏನೂ ಆಗಲಿಲ್ಲ" ಅನ್ನುತ್ತಾನೆ.

ಗುರಿ ತಪ್ಪಿದರೆ ಏನು ಮಾಡಬೇಕು ಅಂತ ಕೇಳುವವರು ಇರುತ್ತಾರೆ. ಏನೂ ಮಾಡಬೇಕಾಗಿಲ್ಲ. ಕ್ಯಾಮೆರಾ ತಾನೇ ಮೇಲಕ್ಕೆ ಏರುತ್ತದೆ, ಊಟ ಮೇಲಿನಿಂದ ಚೆನ್ನಾಗಿ ಕಾಣುತ್ತದೆ.